ಒಂಬತ್ತನೇ ಗ್ಲುವಾನ್ ಎಲ್ಲಿ ಹೋಯಿತು?

ದಾವಣಗೆರೆ_ಬೆಣ್ಣೆ
ನಮಸ್ಕಾರ ಎಲ್ಲರಿಗೂ. ಒಂದು ಪ್ರಶ್ನೆ ತಲೆ ತಿನ್ನುತ್ತಿದೆ. ಪ್ರೋಟಾನ್, ನ್ಯೂಟ್ರಾನ್ ಒಳಗಿರುವ ಕ್ವಾರ್ಕ್ ಕಣಗಳಿಗೆ ಮೂರು ಬಣ್ಣ: ಕೆಂಪು, ಹಸಿರು, ನೀಲಿ. ಪ್ರತಿಕ್ವಾರ್ಕ್‌ಗಳಿಗೆ ಪ್ರತಿಕೆಂಪು, ಪ್ರತಿಹಸಿರು, ಪ್ರತಿನೀಲಿ. ಕ್ವಾರ್ಕ್‌ಗಳನ್ನು ಅಂಟಿನಂತೆ ಹಿಡಿದಿಡುವ ಕಣ ಗ್ಲುವಾನ್, ಅದು ಒಂದು ಬಣ್ಣ, ಒಂದು ಪ್ರತಿಬಣ್ಣ ಎರಡನ್ನೂ ಹೊತ್ತಿರುತ್ತದೆ. ಇಲ್ಲಿವರೆಗೆ ಸರಿ. ಹಾಗಾದರೆ ಮೂರು ಮೂರಲಿ ಒಂಬತ್ತು ಅಲ್ವಾ? ಪುಸ್ತಕದಲ್ಲೆಲ್ಲ ಎಂಟು ಅಂತ ಇದೆ.

ಯಾಕೆ ಅಂತ ಹುಡುಕಿದರೆ ಎಲ್ಲರೂ 'ಎಸ್‌ಯು(3) ಅನ್ನುವ ಗಣಿತದ ಗುಂಪಿಗೆ ಎಂಟು ಜನರೇಟರ್‌ಗಳು' ಅಂತ ಹೇಳಿ ಕೈತೊಳೆದುಕೊಳ್ಳುತ್ತಾರೆ. ಆ ಗುಂಪನ್ನೇ ಯಾಕೆ ಆರಿಸಿದಿರಿ ಅಂತ ಕೇಳಿದರೆ 'ಗ್ಲುವಾನ್ ಎಂಟಿವೆಯಲ್ಲ' ಅನ್ನುತ್ತಾರೆ! ನಾನು ಓದಿದ್ದು ಮೆಕ್ಯಾನಿಕಲ್. ಮ್ಯಾಟ್ರಿಕ್ಸ್ ಕಂಡರೆ ಭಯ ಇಲ್ಲ. ಆದರೆ ನನಗೆ ಬೇಕಿರುವುದು ಭೌತಿಕ ಕಾರಣ. ಒಂಬತ್ತನೆಯದು ಇದ್ದಿದ್ದರೆ ಏನಾಗುತ್ತಿತ್ತು?

ಸುಮ್ನೆ_ಓದುಗ
ಬಣ್ಣ ಅಂದ್ರೆ ನಿಜವಾದ ಬಣ್ಣವಾ?

ಪಿಯು_ಮೇಷ್ಟ್ರು
ಅಲ್ಲಪ್ಪ. ಪ್ರೋಟಾನ್ ಒಳಗೆ ಕೆಂಪು-ಹಸಿರು ಗೋಲಿಗಳೇನೂ ಇಲ್ಲ. ವಿದ್ಯುತ್ ಚಾರ್ಜ್‌ನಲ್ಲಿ ಒಂದೇ ಬಗೆ, ಅದರ ಪ್ಲಸ್ ಮತ್ತು ಮೈನಸ್. ಈ ಚಾರ್ಜ್‌ನಲ್ಲಿ ಮೂರು ಬಗೆ, ಒಂದೊಂದಕ್ಕೂ ಅದರ ವಿರುದ್ಧದ್ದು. ಮೂರೂ ಕೂಡಿದರೆ ಸೊನ್ನೆ. ಬಣ್ಣ ಅಂತ ಕರೆದರೆ ನೆನಪಿಟ್ಟುಕೊಳ್ಳಲು ಸುಲಭ, ಅಷ್ಟೆ. ಮುಂದೆ ಹೋಗೋಣ.

ಅನು_ಎಂಎಸ್ಸಿ
ಬೆಣ್ಣೆ ಸರ್, ಪ್ರಶ್ನೆ ಚೆನ್ನಾಗಿದೆ. ಒಂಬತ್ತು ಜೋಡಿಗಳಲ್ಲಿ ಆರಕ್ಕೆ ತಕರಾರಿಲ್ಲ. ಕೆಂಪು-ಪ್ರತಿಹಸಿರು, ಹಸಿರು-ಪ್ರತಿನೀಲಿ, ಹೀಗೆ. ಗೋಜಲಿರುವುದು ಉಳಿದ ಮೂರರಲ್ಲಿ: ಕೆಂಪು-ಪ್ರತಿಕೆಂಪು, ಹಸಿರು-ಪ್ರತಿಹಸಿರು, ನೀಲಿ-ಪ್ರತಿನೀಲಿ. ಕ್ವಾಂಟಂ ಲೆಕ್ಕದಲ್ಲಿ ಇವು ಒಂದರೊಳಗೊಂದು ಬೆರೆಯುತ್ತವೆ. ಹಾಗಾಗಿ ಇವುಗಳಿಂದ ಮೂರು ಬೆರಕೆ ಮಾಡಿಕೊಳ್ಳುತ್ತೇವೆ. ಒಂದು, ಕೆಂಪು ಜೋಡಿಯಿಂದ ಹಸಿರು ಜೋಡಿಯನ್ನು ಕಳೆದದ್ದು. ಇನ್ನೊಂದು, ಕೆಂಪು ಮತ್ತು ಹಸಿರು ಜೋಡಿ ಕೂಡಿಸಿ ನೀಲಿ ಜೋಡಿಯ ಎರಡರಷ್ಟನ್ನು ಕಳೆದದ್ದು. ಕೊನೆಯದು, ಮೂರನ್ನೂ ಸಮವಾಗಿ ಕೂಡಿಸಿದ್ದು. ಆ ಕೊನೆಯದೇ ನೀವು ಹುಡುಕುತ್ತಿರುವ ಆಸಾಮಿ.

ಬಣ್ಣಗಳನ್ನು ಹೇಗೆ ಬೇಕಾದರೂ ಅದಲು ಬದಲು ಮಾಡಿ, ಅದು ಇದ್ದ ಹಾಗೇ ಇರುತ್ತದೆ. ಅಂದರೆ ಅದಕ್ಕೆ ಬಣ್ಣವೇ ಇಲ್ಲ. ಉಳಿದ ಎಂಟಕ್ಕೆ ಬಣ್ಣ ಇದೆ, ಆದ್ದರಿಂದ ಅವು ಪ್ರೋಟಾನ್ ಬಿಟ್ಟು ಹೊರಗೆ ಬರಲಾರವು. ಬಣ್ಣವಿಲ್ಲದ ಇದನ್ನು ತಡೆಯುವವರು ಯಾರು? ತೂಕವಿಲ್ಲ, ಬಂಧನವೂ ಇಲ್ಲ. ಬೆಳಕಿನ ಹಾಗೆ ಎಷ್ಟು ದೂರ ಬೇಕಾದರೂ ಹೋಗುತ್ತಿತ್ತು. ಎಲ್ಲ ಕ್ವಾರ್ಕ್‌ಗಳಿಗೂ ಒಂದೇ ಸಮ ಅಂಟಿಕೊಳ್ಳುತ್ತಿತ್ತು. ಪ್ರತಿ ಪ್ರೋಟಾನ್, ಪ್ರತಿ ನ್ಯೂಟ್ರಾನ್ ಒಳಗೂ ಮೂರು ಕ್ವಾರ್ಕ್ ಇರುವುದರಿಂದ ಎಲ್ಲಕ್ಕೂ ಒಂದೇ ಗುರುತಿನ ಚಾರ್ಜ್ ಬರುತ್ತಿತ್ತು. ಒಂದೇ ಗುರುತಿನವು ಒಂದನ್ನೊಂದು ತಳ್ಳುತ್ತವೆ. ಪರಮಾಣು ಬಲದಷ್ಟು ಜೋರಾಗಿ ಎಲ್ಲ ವಸ್ತುಗಳೂ ಎಲ್ಲ ವಸ್ತುಗಳನ್ನೂ ದೂರ ತಳ್ಳುವ ಜಗತ್ತು! ಅಂಥದ್ದು ಇಲ್ಲ ಅಂತ ಹೇಳಲು ಪ್ರಯೋಗಾಲಯವೂ ಬೇಡ, ನಾವಿಲ್ಲಿ ಕೂತು ಟೈಪ್ ಮಾಡುತ್ತಿರುವುದೇ ಸಾಕು.

ದಾವಣಗೆರೆ_ಬೆಣ್ಣೆ
ಅನು ಅವರೇ, ಇದನ್ನು ಯಾರೂ ಹೀಗೆ ಹೇಳಿರಲಿಲ್ಲ. ಥ್ಯಾಂಕ್ಸ್. ಆದರೆ ವಕೀಲರ ಹಾಗೆ ಇನ್ನೊಂದು ಕೇಳುತ್ತೇನೆ. ಆ ಒಂಬತ್ತನೆಯದರ ಬಲ ತುಂಬಾ ಕಡಿಮೆ ಇದ್ದಿದ್ದರೆ? ಆಗ ಯಾರಿಗೂ ಗೊತ್ತಾಗುತ್ತಿರಲಿಲ್ಲ ತಾನೇ?

ಹಳೇ_ಬ್ಯಾಟರಿ
ನನ್ನದು ಬೇರೆ ಮಾತು. ಕ್ವಾರ್ಕ್ ಒಂಟಿಯಾಗಿ ಕಂಡಿಲ್ಲ. ಗ್ಲುವಾನ್ ಒಂಟಿಯಾಗಿ ಕಂಡಿಲ್ಲ. ಬಣ್ಣ ಎಂದೂ ಹೊರಗೆ ಕಾಣಿಸುವುದಿಲ್ಲ ಅಂತ ನೀವೇ ಹೇಳುತ್ತೀರಿ. ಕಾಣದ್ದನ್ನು ಎಂಟಾ ಒಂಬತ್ತಾ ಅಂತ ಎಣಿಸುತ್ತಾ ಕೂತಿದ್ದೀರಲ್ಲ! ಇದಕ್ಕಿಂತ ಪಂಚಾಂಗ ವಾಸಿ, ಕನಿಷ್ಠ ಗ್ರಹಣದ ಟೈಮ್ ಆದರೂ ಸರಿಯಾಗಿ ಹೇಳುತ್ತದೆ.

ಹುಬ್ಬಳ್ಳಿ_ಗಿರಮಿಟ್
ಬಂದ್ರು ನೋಡ್ರಿ ಬ್ಯಾಟರಿ ಅಣ್ಣಾರು 😀

ಪಿಯು_ಮೇಷ್ಟ್ರು
ಬ್ಯಾಟರಿ ಸರ್, ಗ್ರಹಣದ ಟೈಮ್ ಹೇಳುವ ಹಾಗೆಯೇ ಇದೂ ನಂಬರ್ ಹೇಳುತ್ತದೆ. ಪೆನ್ನು ತೆಗೆದುಕೊಳ್ಳಿ, ಹೈಸ್ಕೂಲ್ ಲೆಕ್ಕ.

ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣ ಪಾಸಿಟ್ರಾನ್ ಡಿಕ್ಕಿ ಹೊಡೆಸಿ. ಕೆಲವು ಸಲ ಮ್ಯುವಾನ್ (ಎಲೆಕ್ಟ್ರಾನ್‌ನ ಭಾರವಾದ ಅಣ್ಣ) ಜೋಡಿ ಹುಟ್ಟುತ್ತದೆ, ಕೆಲವು ಸಲ ಕ್ವಾರ್ಕ್ ಜೋಡಿ. ಯಾವುದು ಎಷ್ಟು ಸಲ ಅನ್ನುವುದು ಚಾರ್ಜ್‌ನ ವರ್ಗದ ಮೇಲೆ ನಿಂತಿದೆ. ಮ್ಯುವಾನ್‌ಗೆ 1. ಕ್ವಾರ್ಕ್‌ಗಳಲ್ಲಿ ಅಪ್, ಡೌನ್, ಸ್ಟ್ರೇಂಜ್, ಚಾರ್ಮ್, ಬಾಟಮ್ ಹೀಗೆ ಜಾತಿಗಳಿವೆ. ಅಪ್ ಕ್ವಾರ್ಕ್‌ನ ಚಾರ್ಜ್ 2/3, ವರ್ಗ 4/9. ಡೌನ್ ಮತ್ತು ಸ್ಟ್ರೇಂಜ್‌ಗೆ 1/3, ವರ್ಗ 1/9, 1/9. ಕೂಡಿಸಿದರೆ 6/9, ಅಂದರೆ 2/3. ಬಣ್ಣ ಅನ್ನುವುದು ಸುಳ್ಳಾದರೆ ಉತ್ತರ 2/3 ಬರಬೇಕು. ಮೂರು ಬಣ್ಣ ನಿಜವಾದರೆ ಅದರ ಮೂರು ಪಟ್ಟು, 2. ಚಾರ್ಮ್ ಕ್ವಾರ್ಕ್ ಹುಟ್ಟಲಾರದಷ್ಟು ಕಡಿಮೆ ಶಕ್ತಿಯಲ್ಲಿ ಅಳೆದಾಗ ಸಿಗುವುದು 2ಕ್ಕಿಂತ ಚೂರು ಜಾಸ್ತಿ. ಆ ಚೂರೂ ಗ್ಲುವಾನ್‌ಗಳ ಲೆಕ್ಕ ಹಾಕಿದರೆ ಸರಿಹೋಗುತ್ತದೆ. ಬಾಟಮ್ ಕ್ವಾರ್ಕ್‌ವರೆಗೆ ಸೇರಿಸಿದರೆ 11/3 ಬರಬೇಕು, ಅದೂ ಹಾಗೇ ಬರುತ್ತದೆ.

ಇನ್ನೊಂದು: ನ್ಯೂಟ್ರಲ್ ಪಯಾನ್ ಅನ್ನುವ ಕಣ ಒಡೆದು ಎರಡು ಫೋಟಾನ್ ಆಗುವ ವೇಗ. ಬಣ್ಣವಿಲ್ಲದ ಲೆಕ್ಕಕ್ಕೂ ಮೂರು ಬಣ್ಣದ ಲೆಕ್ಕಕ್ಕೂ ಒಂಬತ್ತು ಪಟ್ಟು ವ್ಯತ್ಯಾಸ. ಅಳತೆ ಮೂರರ ಪರ.

ಹಳೇ_ಬ್ಯಾಟರಿ
ಮೇಷ್ಟ್ರೇ, ಇದು ಬಣ್ಣ ಮೂರು ಅಂತ ತೋರಿಸಿತು. ಒಪ್ಪಿದೆ ಅಂತಲೇ ಇಟ್ಟುಕೊಳ್ಳಿ. ಗ್ಲುವಾನ್ ಎಲ್ಲಿ ಬಂತು?

ಹ್ಯಾಂಬರ್ಗ್_ಹೆಗಡೆ
ಅದು ಬಂದದ್ದು ನಾನಿರುವ ಊರಿನಲ್ಲೇ 🙂 ಇಲ್ಲಿನ ಡೇಸಿ ಪ್ರಯೋಗಾಲಯದಲ್ಲಿ ಪೆಟ್ರಾ ಅಂತ ಒಂದು ಉಂಗುರ ಇದೆ, ಸುತ್ತಳತೆ ಸುಮಾರು 2.3 ಕಿ.ಮೀ. 1979ರಲ್ಲಿ ಅಲ್ಲಿ ಎಲೆಕ್ಟ್ರಾನ್-ಪಾಸಿಟ್ರಾನ್ ಡಿಕ್ಕಿ ಹೊಡೆಸುತ್ತಿದ್ದರು. ಸಾಮಾನ್ಯವಾಗಿ ಕ್ವಾರ್ಕ್ ಒಂದು ಕಡೆ, ಪ್ರತಿಕ್ವಾರ್ಕ್ ಎದುರು ಕಡೆ ಹಾರುತ್ತವೆ. ಎರಡೂ ಹೋದ ದಾರಿಯಲ್ಲಿ ಕಣಗಳ ಒಂದೊಂದು ಚಿಲುಮೆ ಹೊರಡುತ್ತದೆ. ಅದಕ್ಕೆ ಜೆಟ್ ಅನ್ನುತ್ತಾರೆ. ಹೋಗುವಾಗ ಕ್ವಾರ್ಕ್ ಒಂದು ಗ್ಲುವಾನ್ ಚಿಮ್ಮಿಸಿದರೆ ಮೂರನೇ ಜೆಟ್ ಕಾಣಬೇಕು ಅಂತ 1976ರಲ್ಲೇ ಜಾನ್ ಎಲ್ಲಿಸ್, ಮೇರಿ ಗೇಯರ್ಡ್, ಗ್ರಹಾಂ ರಾಸ್ ಬರೆದಿದ್ದರು. ಮೂರು ವರ್ಷದ ಮೇಲೆ ಅದು ಕಂಡಿತು. ಮೊದಲು ತೋರಿಸಿದ್ದು ಟಾಸ್ಸೋ ತಂಡ. ಸ್ವಲ್ಪ ದಿನದಲ್ಲೇ ಮಾರ್ಕ್-ಜೆ, ಪ್ಲೂಟೋ, ಜೇಡ್ ತಂಡಗಳಿಗೂ ಸಿಕ್ಕಿತು. ಜೆಟ್‌ಗಳ ನಡುವಿನ ಕೋನಗಳನ್ನು ಅಳೆದು, ಅದರ ಸ್ಪಿನ್ 1 ಅಂತಲೂ ಕಂಡುಕೊಂಡರು.

ನಾನು ಸಾಫ್ಟ್‌ವೇರ್‌ನವನು, ಡೇಸಿಗೆ ಹೋದದ್ದು ಅವರ ಓಪನ್ ಡೇಗೆ, ಮಕ್ಕಳನ್ನು ಕರೆದುಕೊಂಡು. ಪೆಟ್ರಾ ಈಗ ಎಕ್ಸ್‌ರೇ ಕೊಡುವ ಯಂತ್ರವಾಗಿದೆ. ಪ್ರೋಟೀನ್, ಬ್ಯಾಟರಿ ಇಂಥವನ್ನೆಲ್ಲ ಅದರ ಬೆಳಕಲ್ಲಿ ನೋಡುತ್ತಾರೆ. (ನಿಮ್ಮಂಥ ಬ್ಯಾಟರಿ ಅಲ್ಲ ಸರ್.)

ಹಳೇ_ಬ್ಯಾಟರಿ
ನಗಿಸಿದಿರಿ. ಆದರೆ ನೀವು ನೋಡಿದ್ದು ಜೆಟ್. ಗ್ಲುವಾನ್ ಅಲ್ಲ.

ಅನು_ಎಂಎಸ್ಸಿ
ಟಿವಿ ಟ್ಯೂಬ್‌ನಲ್ಲಿ ನೀವು ಎಲೆಕ್ಟ್ರಾನ್ ನೋಡಿದ್ದಿರಾ ಸರ್? ಅದು ಬಿದ್ದ ಜಾಗದ ಹೊಳಪು ನೋಡಿದಿರಿ. ಆ ಮೂರನೇ ಜೆಟ್ ಎಷ್ಟು ಸಲ ಬರಬೇಕು, ಯಾವ ಕೋನದಲ್ಲಿ ಬರಬೇಕು ಅಂತ ಮೊದಲೇ ಲೆಕ್ಕ ಕೊಟ್ಟಿದ್ದರು, ಹಾಗೇ ಬಂತು. ಇನ್ನೇನು ಬೇಕು?

ಮೂಲ ಪ್ರಶ್ನೆಗೂ ಇಲ್ಲೊಂದು ಉತ್ತರ ಇದೆ. ಆಮೇಲೆ ಸರ್ನ್‌ನ ಲೆಪ್ ಯಂತ್ರದಲ್ಲಿ ನಾಲ್ಕು ಜೆಟ್‌ಗಳ ಘಟನೆಗಳನ್ನು ರಾಶಿ ರಾಶಿ ಅಳೆದರು. ಗ್ಲುವಾನ್‌ಗೆ ಬಣ್ಣ ಇರುವುದರಿಂದ ಗ್ಲುವಾನೇ ಇನ್ನೊಂದು ಗ್ಲುವಾನನ್ನು ಹೊರಡಿಸಬಲ್ಲದು. ಫೋಟಾನ್‌ಗೆ ಆ ಯೋಗ್ಯತೆ ಇಲ್ಲ, ಅದಕ್ಕೆ ಚಾರ್ಜ್ ಇಲ್ಲವಲ್ಲ. ಗ್ಲುವಾನಿನಿಂದ ಗ್ಲುವಾನ್ ಹೊರಡುವ ಬಲಕ್ಕೂ ಕ್ವಾರ್ಕಿನಿಂದ ಗ್ಲುವಾನ್ ಹೊರಡುವ ಬಲಕ್ಕೂ ಇರುವ ಅನುಪಾತ ಎಸ್‌ಯು(3)ರಲ್ಲಿ 9/4 ಇರಬೇಕು. ಬೇರೆ ಗುಂಪು ತೆಗೆದುಕೊಂಡರೆ ಬೇರೆ ಸಂಖ್ಯೆ. ಅಳತೆ 9/4ರ ಸುತ್ತಲೇ ಕೂತಿದೆ. ಹಾಗಾಗಿ 'ಗುಂಪನ್ನು ಯಾಕೆ ಆರಿಸಿದಿರಿ' ಅಂದರೆ ಸುಮ್ನೆ ಆರಿಸಿದ್ದಲ್ಲ, ಅಳೆದದ್ದು.

ಹ್ಯಾಂಬರ್ಗ್_ಹೆಗಡೆ
ಬೆಣ್ಣೆಯವರೇ, 'ಬಲ ಕಡಿಮೆ ಇದ್ದರೆ' ಅಂತ ಕೇಳಿದಿರಲ್ಲ, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಗ್ಲುವಾನ್ ಅನ್ನುವ ಹೆಸರು ಯಾರ ಬಾಯಲ್ಲೂ ಇಲ್ಲದ ಕಾಲದಲ್ಲೇ ಈ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. 1955ರಲ್ಲಿ ಲೀ ಮತ್ತು ಯಾಂಗ್ ಬೇರೆ ಕಾರಣಕ್ಕೆ ಇದನ್ನೇ ಕೇಳಿಕೊಂಡರು. ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಒಟ್ಟು ಸಂಖ್ಯೆಯನ್ನೇ ಚಾರ್ಜ್ ಅಂತ ಹಿಡಿದುಕೊಳ್ಳುವ, ದೂರಕ್ಕೂ ಮುಟ್ಟುವ ಬಲ ಒಂದಿದ್ದರೆ ಏನಾಗುತ್ತದೆ ಅಂತ. ನಿಮ್ಮ ಒಂಬತ್ತನೆಯದು ಇದೇ ತಾನೇ.

ಬೇರೆ ಬೇರೆ ಲೋಹಗಳಲ್ಲಿ ಒಂದು ಕಿಲೋಗೆ ಸಿಗುವ ಪ್ರೋಟಾನ್-ನ್ಯೂಟ್ರಾನ್‌ಗಳ ಸಂಖ್ಯೆ ಚೂರು ಹೆಚ್ಚು ಕಡಿಮೆ ಇರುತ್ತದೆ, ಪರಮಾಣು ಬೀಜದ ಬಂಧನ ಶಕ್ತಿ ಬೇರೆ ಇರುವುದರಿಂದ. ಹಾಗಾಗಿ ಈ ಬಲ ಇದ್ದಿದ್ದರೆ ಬೇರೆ ಬೇರೆ ಲೋಹ ಭೂಮಿಯ ಕಡೆಗೆ ಬೇರೆ ಬೇರೆ ವೇಗೋತ್ಕರ್ಷದಲ್ಲಿ ಬೀಳಬೇಕಿತ್ತು. ಹಂಗೇರಿಯ ಎಟ್ವೋಶ್ ತಿರುಚು ತಕ್ಕಡಿಯಲ್ಲಿ ಅದನ್ನು ಎಷ್ಟೋ ಮೊದಲೇ ಅಳೆದಿದ್ದ, ವ್ಯತ್ಯಾಸ ಕಂಡಿರಲಿಲ್ಲ. ಆದ್ದರಿಂದ ಅಂಥ ಬಲ ಇದ್ದರೂ ಅದು ಗುರುತ್ವಕ್ಕಿಂತಲೂ ಎಷ್ಟೋ ಪಟ್ಟು ದುರ್ಬಲ ಇರಬೇಕು. ಗುರುತ್ವಕ್ಕಿಂತ ದುರ್ಬಲವಾದದ್ದನ್ನು ಗ್ಲುವಾನ್ ಕುಟುಂಬಕ್ಕೆ ಸೇರಿಸಿ ಏನು ಮಾಡುತ್ತೀರಿ?

ದಾವಣಗೆರೆ_ಬೆಣ್ಣೆ
ತಕ್ಕಡಿಯಲ್ಲಿ ಗ್ಲುವಾನ್ ಎಣಿಸಿದ ಹಾಗಾಯ್ತು! ಇದು ತುಂಬಾ ಇಷ್ಟವಾಯಿತು.

ಇನ್ನೊಂದೇ ಅನುಮಾನ. ವೀಕ್ ಫೋರ್ಸ್ ಕಡೆ ಎರಡು ಬಗೆ ಅನ್ನುತ್ತಾರೆ. ಎರಡು ಎರಡಲಿ ನಾಲ್ಕು. ಅಲ್ಲಿ ಒಂದು ಕಳೆದು ಮೂರೇ ಇರಬೇಕಿತ್ತಲ್ಲ? ಆದರೆ ಡಬ್ಲ್ಯೂ ಪ್ಲಸ್, ಡಬ್ಲ್ಯೂ ಮೈನಸ್, ಝಡ್, ಫೋಟಾನ್ ಅಂತ ನಾಲ್ಕು ಇವೆ.

ಅನು_ಎಂಎಸ್ಸಿ
ಸರ್, ನೀವು ಮೆಕ್ಯಾನಿಕಲ್ ಓದಿ ನಮಗೆ ಅನ್ಯಾಯ ಮಾಡಿದಿರಿ. ಹೌದು, ಅಲ್ಲಿ ಮೂರರ ಜೊತೆಗೆ ನಾಲ್ಕನೆಯದೂ ಇದೆ, ತನ್ನದೇ ಬೇರೆ ಬಲದೊಂದಿಗೆ. ಆ ನಾಲ್ಕನೆಯದು ಮತ್ತು ಮೂರರಲ್ಲಿ ಒಂದು ಬೆರೆತು ಝಡ್ ಮತ್ತು ಫೋಟಾನ್ ಆಗಿವೆ. ಅಂದರೆ ಒಂದು ಕಡೆ ಪ್ರಕೃತಿ ಹೆಚ್ಚಿನ ಒಂದನ್ನು ಇಟ್ಟುಕೊಂಡಿದೆ, ಇನ್ನೊಂದು ಕಡೆ ಇಟ್ಟುಕೊಂಡಿಲ್ಲ. ಗಣಿತ ಎರಡಕ್ಕೂ ಅನುಮತಿ ಕೊಡುತ್ತದೆ. ಅದಕ್ಕೇ ನನಗೆ 'ಎಸ್‌ಯು(3), ಆದ್ದರಿಂದ ಎಂಟು' ಅನ್ನುವ ಉತ್ತರ ಇಷ್ಟವಾಗುವುದಿಲ್ಲ. ಎಂಟು ಅನ್ನುವುದು ನೋಡಿ ತಿಳಿದದ್ದು.

ಪಿಯು_ಮೇಷ್ಟ್ರು
ಅನು, ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಗಣಿತ ಸುಮ್ನೆ ಆಳು ಕೆಲಸ ಮಾಡಿಲ್ಲ. 1964ರ ಫೆಬ್ರವರಿಯಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಒಮೆಗಾ ಮೈನಸ್ ಅನ್ನುವ ಕಣ ಸಿಕ್ಕಿತು. ಮೂರೂ ಸ್ಟ್ರೇಂಜ್ ಕ್ವಾರ್ಕ್, ಮೂರೂ ಸ್ಪಿನ್ ಒಂದೇ ದಿಕ್ಕು. ಎಲ್ಲ ಗುಣವೂ ಒಂದೇ ಆದ ಎರಡು ಕ್ವಾರ್ಕ್ ಒಟ್ಟಿಗೆ ಇರಲಾರವು ಅನ್ನುವ ಪೌಲಿ ನಿಯಮದ ಪ್ರಕಾರ ಅದು ಇರಲೇಬಾರದು. ಅದೇ ವರ್ಷ ಗ್ರೀನ್‌ಬರ್ಗ್, ಮರುವರ್ಷ ಹಾನ್ ಮತ್ತು ನಂಬು, ಕ್ವಾರ್ಕ್‌ಗಳಿಗೆ ಮೂರು ಬೆಲೆ ತೆಗೆದುಕೊಳ್ಳುವ ಇನ್ನೊಂದು ಗುಣ ಇರಬೇಕು ಅಂದರು. ನಿಯಮದ ಮೇಲೆ ನಂಬಿಕೆ ಇಟ್ಟದ್ದರಿಂದಲೇ ಬಣ್ಣ ಸಿಕ್ಕಿದ್ದು. ಅಳತೆ ಆಮೇಲೆ ಬಂತು.

ಅನು_ಎಂಎಸ್ಸಿ
ಆ ಒಮೆಗಾ ಮೈನಸ್ಸನ್ನು ಬಬಲ್ ಚೇಂಬರ್ ಫೋಟೋದಲ್ಲಿ ನೋಡಿದ ಮೇಲೆ ತಾನೇ ಸರ್ ತಲೆಬಿಸಿ ಗಟ್ಟಿಯಾದದ್ದು?

ಪಿಯು_ಮೇಷ್ಟ್ರು
ಸರಿ ಸರಿ. ಜಗಳ ಸಮ.

ಹುಬ್ಬಳ್ಳಿ_ಗಿರಮಿಟ್
ನನಗ ಒಂದು ಹೇಳ್ರಿ. ಕ್ವಾರ್ಕ್ ಹೊರಗ ಬರೋದಿಲ್ಲ ಅಂದ್ರ ಯಾಕ? ಎಲ್ಲಾ ವಿಡಿಯೋದಾಗೂ ರಬ್ಬರ್ ಬ್ಯಾಂಡ್ ತೋರಸ್ತಾರ. ಎಳದಷ್ಟು ಬಿಗಿ ಆಗ್ತದ ಅಂತ.

ಹ್ಯಾಂಬರ್ಗ್_ಹೆಗಡೆ
ಗಿರಮಿಟ್ ಅವರೇ, ಆ ರಬ್ಬರ್ ಬ್ಯಾಂಡ್ ಅರ್ಧ ಸರಿ. ರಬ್ಬರ್ ಎಳೆದಷ್ಟೂ ಬಲ ಜಾಸ್ತಿ ಆಗುತ್ತದೆ. ಇಲ್ಲಿ ಸ್ವಲ್ಪ ದೂರ ಹೋದ ಮೇಲೆ ಬಲ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ, ಜಾಸ್ತಿಯೂ ಆಗಲ್ಲ, ಕಡಿಮೆಯೂ ಆಗಲ್ಲ. ಎರಡು ವಿದ್ಯುತ್ ಚಾರ್ಜ್ ದೂರ ಹೋದರೆ ಕ್ಷೇತ್ರದ ಗೆರೆಗಳು ಹರಡಿಕೊಳ್ಳುತ್ತವೆ, ಬಲ ಕುಗ್ಗುತ್ತದೆ. ಗ್ಲುವಾನ್‌ಗಳು ಒಂದನ್ನೊಂದು ಎಳೆದುಕೊಳ್ಳುವುದರಿಂದ ಗೆರೆಗಳು ಹರಡದೆ ಸಣ್ಣ ಕೊಳವೆಯಾಗಿ ಒಟ್ಟುಗೂಡುತ್ತವೆ. ಒಂದು ಫೆಮ್ಟೋಮೀಟರ್ ಎಳೆಯಲು ಸುಮಾರು ಒಂದು ಗಿಗಾ ಎಲೆಕ್ಟ್ರಾನ್‌ವೋಲ್ಟ್ ಬೇಕು. ನಮ್ಮ ಲೆಕ್ಕಕ್ಕೆ ತಂದರೆ ಸುಮಾರು 16 ಟನ್ ತೂಕದಷ್ಟು ಬಲ, ಎರಡು ಕ್ವಾರ್ಕ್‌ಗಳ ನಡುವೆ! ಇನ್ನೂ ಎಳೆದರೆ ನೀವು ಹಾಕಿದ ಶಕ್ತಿಯಿಂದಲೇ ಹೊಸ ಕ್ವಾರ್ಕ್-ಪ್ರತಿಕ್ವಾರ್ಕ್ ಜೋಡಿ ಹುಟ್ಟಿ ಕೊಳವೆ ತುಂಡಾಗುತ್ತದೆ. ಕೈಗೆ ಸಿಗುವುದು ಮತ್ತೆ ಬಣ್ಣವಿಲ್ಲದ ಕಣಗಳೇ. ಜೆಟ್ ಹುಟ್ಟುವುದೂ ಹೀಗೇ.

ಹತ್ತಿರ ಬಂದಾಗ ಮಾತ್ರ ಎಲ್ಲ ತಿರುಗುಮುರುಗು. ಬಲ ಸಡಿಲವಾಗುತ್ತದೆ. 1973ರಲ್ಲಿ ಗ್ರಾಸ್, ವಿಲ್ಚೆಕ್, ಪೊಲಿಟ್ಜರ್ ಇದನ್ನು ಲೆಕ್ಕದಲ್ಲಿ ತೋರಿಸಿದರು, 2004ರಲ್ಲಿ ನೊಬೆಲ್ ಬಂತು.

ಹುಬ್ಬಳ್ಳಿ_ಗಿರಮಿಟ್
16 ಟನ್! ಅಬಾಬಾ.

ಮೈಸೂರ್_ಮಲ್ಲಿಗೆ_ಟೀ
ಒಂದು ಮಾತು ಸೇರಿಸಲಾ? ಹಿಗ್ಸ್ ಬೋಸಾನ್‌ನಿಂದ ನಮ್ಮ ತೂಕ ಬಂತು ಅಂತ 2012ರಲ್ಲಿ ಎಲ್ಲ ಪೇಪರ್‌ನಲ್ಲೂ ಬರೆದರು. ನಮ್ಮ ಮನೆಯಲ್ಲಿ ನನ್ನ ಗಂಡ ಈಗಲೂ ಹಾಗೇ ಹೇಳುತ್ತಾರೆ. ಅದು ಸರೀನಾ?

ಅನು_ಎಂಎಸ್ಸಿ
ಮೇಡಂ, ನಿಮ್ಮವರಿಗೆ ಈ ಲೆಕ್ಕ ತೋರಿಸಿ. ಪ್ರೋಟಾನ್ ತೂಕ 938 ಎಂಇವಿ (ಕಣಗಳ ತೂಕ ಹೇಳುವ ಅಳತೆ). ಒಳಗಿನ ಎರಡು ಅಪ್, ಒಂದು ಡೌನ್ ಸೇರಿಸಿದರೆ ಸುಮಾರು 9. ಹಿಗ್ಸ್ ಕೊಟ್ಟದ್ದು ಆ ಒಂಬತ್ತು, ನೂರಕ್ಕೆ ಒಂದು ಪಾಲು. ಉಳಿದದ್ದು ಕ್ವಾರ್ಕ್‌ಗಳ ಓಡಾಟ ಮತ್ತು ಗ್ಲುವಾನ್‌ಗಳ ಶಕ್ತಿ. ಗ್ಲುವಾನ್‌ಗೆ ಸ್ವಂತ ತೂಕ ಸೊನ್ನೆ, ಆದರೆ ತಕ್ಕಡಿಯಲ್ಲಿ ನಾವು ತೂಗುವ ಕಿಲೋಗಳಲ್ಲಿ ಬಹುಪಾಲು ಅವುಗಳ ವ್ಯವಹಾರ.

ಮೈಸೂರ್_ಮಲ್ಲಿಗೆ_ಟೀ
ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಈಗ ಮೌನ 😄

ರಾಬರ್ಟ್‌ಸನ್‌ಪೇಟೆ
ಪ್ರೋಟಾನ್ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಪ್ರೋಟಾನ್ ಸಾಯುತ್ತದಾ ಅಂತ ನೋಡಲು ನಮ್ಮ ಕೆಜಿಎಫ್ ಗಣಿಯೊಳಗೆ 1980ರ ದಶಕದಲ್ಲಿ ಪ್ರಯೋಗ ನಡೆದಿತ್ತು. ಟಾಟಾ ಇನ್‌ಸ್ಟಿಟ್ಯೂಟ್‌ನವರು ಮತ್ತು ಜಪಾನಿನವರು ಸೇರಿ ಮಾಡಿದ್ದು. ನೆಲದಿಂದ ಎರಡು ಕಿಲೋಮೀಟರ್‌ಗೂ ಹೆಚ್ಚು ಕೆಳಗೆ. ನಮ್ಮ ತಂದೆ ಗಣಿಯಲ್ಲಿದ್ದರು. 'ಕೆಳಗೆ ಸೈಂಟಿಸ್ಟ್‌ಗಳು ಚಿನ್ನ ಬಿಟ್ಟು ಏನೋ ಹುಡುಕುತ್ತಾರೆ' ಅಂತ ಮನೆಗೆ ಬಂದು ನಗುತ್ತಿದ್ದರು. 1965ರಲ್ಲಿ ವಾತಾವರಣದ ನ್ಯೂಟ್ರಿನೋ ಮೊದಲು ಸಿಕ್ಕಿದ್ದೂ ಇಲ್ಲೇ. ಈಗ ಕೆಜಿಎಫ್ ಅಂದರೆ ಎಲ್ಲರಿಗೂ ಸಿನಿಮಾ ಮಾತ್ರ ನೆನಪು.

ಹ್ಯಾಂಬರ್ಗ್_ಹೆಗಡೆ
ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಸಿಕ್ಕಿತ್ತು. ಎರಡೂ ತಂಡಕ್ಕೆ ಹೆಸರು ಸಲ್ಲಬೇಕು.

ರಾಬರ್ಟ್‌ಸನ್‌ಪೇಟೆ
ಸಲ್ಲಲಿ ಸರ್, ಬೇಡ ಅಂದವರು ಯಾರು. ನಮ್ಮದನ್ನೂ ಯಾರಾದರೂ ಹೇಳಲಿ ಅಂತ.

ಹಳೇ_ಬ್ಯಾಟರಿ
ಗಣಿಗೂ ಗ್ಲುವಾನ್‌ಗೂ ಏನು ಸಂಬಂಧ? ವಿಷಯ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ.

ಅನು_ಎಂಎಸ್ಸಿ
ಸಂಬಂಧ ಇದೆ ಬ್ಯಾಟರಿ ಸರ್. ಮೂರು ಬಲಗಳನ್ನೂ ಒಂದೇ ಗುಂಪಿನೊಳಗೆ ಹಾಕುವ ಎಸ್‌ಯು(5) ಅನ್ನುವ ಸಿದ್ಧಾಂತ 1974ರಲ್ಲಿ ಬಂತು. ಐದು ಐದಲಿ ಇಪ್ಪತ್ತೈದು, ಒಂದು ಕಳೆದರೆ 24. ಅದರಲ್ಲಿ 8 ಗ್ಲುವಾನ್. ಡಬ್ಲ್ಯೂ, ಝಡ್, ಫೋಟಾನ್ ಸೇರಿ 4. ಉಳಿದ 12 ಹೊಸವು. ಈ ಹೊಸವುಗಳಿಗೂ ಬಣ್ಣ ಇದೆ, ಅವು ಕ್ವಾರ್ಕನ್ನು ಎಲೆಕ್ಟ್ರಾನ್ ಜಾತಿಯ ಕಣವಾಗಿ ಮಾಡಬಲ್ಲವು. ಹಾಗಾದರೆ ಪ್ರೋಟಾನ್ ಎಂದಾದರೊಂದು ದಿನ ಒಡೆಯಬೇಕು. ಅದನ್ನು ಕಾಯುತ್ತಾ ಕೂತದ್ದೇ ಕೆಜಿಎಫ್‌ನ ಪ್ರಯೋಗ. ಕೆಲವು ಅನುಮಾನಾಸ್ಪದ ಘಟನೆ ಕಂಡವು, ಬೇರೆಯವರಿಗೆ ಸಿಗಲಿಲ್ಲ. ಈಗ ಜಪಾನಿನ ಸೂಪರ್ ಕಾಮಿಯೋಕಾಂಡೆ ಹೇಳುವ ಪ್ರಕಾರ ಪ್ರೋಟಾನ್ ಆಯಸ್ಸು ಕಡಿಮೆ ಅಂದರೂ ಒಂದರ ಮುಂದೆ 34 ಸೊನ್ನೆ ಹಾಕಿದಷ್ಟು ವರ್ಷ. ಆ ಸರಳ ಎಸ್‌ಯು(5) ಅಲ್ಲಿಗೆ ಬಿತ್ತು.

ಹಳೇ_ಬ್ಯಾಟರಿ
ಓಹೋ. ಬೀಳುವುದೂ ಉಂಟು ಹಾಗಾದರೆ ನಿಮ್ಮಲ್ಲಿ. ಒಳ್ಳೇದು. ಈಗ ಸ್ವಲ್ಪ ನಂಬಿಕೆ ಬಂತು.

ಸುಮ್ನೆ_ಓದುಗ
ಗ್ಲುವಾನ್ ಗ್ಲುವಾನನ್ನೇ ಎಳೆಯುತ್ತೆ ಅಂದ್ರಿ. ಹಾಗಾದ್ರೆ ಕ್ವಾರ್ಕ್ ಇಲ್ಲದೆ ಬರೀ ಗ್ಲುವಾನ್‌ಗಳೇ ಸೇರಿ ಒಂದು ಕಣ ಆಗಬಹುದಾ?

ಪಿಯು_ಮೇಷ್ಟ್ರು
ನೋಡಿ, ಸುಮ್ನೆ ಓದುವವರು ಕೇಳುವ ಪ್ರಶ್ನೆ ಇದು! ಆಗಬೇಕು. ಗ್ಲೂಬಾಲ್ ಅನ್ನುತ್ತಾರೆ. ಕಂಪ್ಯೂಟರ್ ಲೆಕ್ಕದ ಪ್ರಕಾರ ಎಲ್ಲಕ್ಕಿಂತ ಹಗುರವಾದದ್ದು 1.5ರಿಂದ 1.7 ಜಿಇವಿ (ಒಂದು ಜಿಇವಿ ಅಂದರೆ ಸಾವಿರ ಎಂಇವಿ) ಸುತ್ತ ಇರಬೇಕು. ಕಷ್ಟ ಏನೆಂದರೆ ಅದೇ ತೂಕದ ಸುತ್ತ ಅದೇ ಗುಣದ ಮಾಮೂಲಿ ಕ್ವಾರ್ಕ್ ಕಣಗಳೂ ಇವೆ, ಎಲ್ಲ ಬೆರೆತು ಹೋಗುತ್ತವೆ. ಇದೇ ಗ್ಲೂಬಾಲ್ ಅಂತ ಬೆರಳು ಮಾಡಿ ತೋರಿಸುವುದು ಕಷ್ಟ.

ಹ್ಯಾಂಬರ್ಗ್_ಹೆಗಡೆ
2024ರಲ್ಲಿ ಬೀಜಿಂಗ್‌ನ ಬೆಸ್-3 ತಂಡ ಎಕ್ಸ್(2370) ಅನ್ನುವ ಕಣದ ಸ್ಪಿನ್ ಅಳೆದು, ಇದು ಗ್ಲೂಬಾಲ್‌ಗೆ ಹೊಂದುತ್ತದೆ ಅಂತ ಬರೆದರಲ್ಲ ಮೇಷ್ಟ್ರೇ.

ಪಿಯು_ಮೇಷ್ಟ್ರು
ಹೊಂದುತ್ತದೆ ಅನ್ನುವುದಕ್ಕೂ ಅದೇ ಅನ್ನುವುದಕ್ಕೂ ವ್ಯತ್ಯಾಸ ಇದೆ ಹೆಗಡೆಯವರೇ. ಅದು ಹಗುರದ್ದಲ್ಲ, ಬೇರೆ ಬಗೆಯದ್ದು. ನಾನು ಇನ್ನೂ ಕಾಯುತ್ತೇನೆ.

ಹ್ಯಾಂಬರ್ಗ್_ಹೆಗಡೆ
ಬ್ಯಾಟರಿ ಸರ್ ಗಾಳಿ ನಿಮಗೂ ಬೀಸಿತು ಅಂತ ಕಾಣುತ್ತದೆ. ಅದರ ಒಡೆಯುವ ರೀತಿ ನೋಡಿ ಹೇಳಿ, ಪೇಪರ್ ತೆಗೆದು ಇಲ್ಲೇ ಹಾಕುತ್ತೇನೆ, ರಾತ್ರಿ ಜಗಳ ಮುಂದುವರಿಸೋಣ.

ಹುಬ್ಬಳ್ಳಿ_ಗಿರಮಿಟ್
ರಾತ್ರಿ ಅಂದ್ರ ನಿಮ್ಮ ರಾತ್ರಿನೋ ನಮ್ಮ ರಾತ್ರಿನೋ?